ಕೊಪ್ಪೆ ತೆಗೆಸಲು ಕಳಸಕ್ಕೆ ಹೋಗಿದ್ದು

ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ಚಿಕ್ಕಮಗಳೂರಿನಲ್ಲಿ ಮೂಡಿಗೆರೆ ಬಸ್ಸು ಹತ್ತಿದೆ. ಹೋಗಬೇಕಾಗಿದ್ದದ್ದು ಕಳಸಕ್ಕೆ. ಅಲ್ಲಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿರುವ ನನ್ನ ಬಾಲ್ಯದ ಗೆಳೆಯ ಪ್ರಭಾಕರ ವರ್ಷಗಟ್ಟಲೆ ಕೂತು ಒಂದು ಕಾಮಿಕ್ಸ್ ಬರೆದಿದ್ದ. ಮಾತು, ಚಿತ್ರ, ಬಣ್ಣ ಎಲ್ಲ ಅವನದೇ. ಎಲ್ಲಿಗೆ ಕಳಿಸಿದರೂ ಗೋಡೆಗೆ ಹೊಡೆದ ಚೆಂಡಿನ ಹಾಗೆ ವಾಪಸು ಬರುತ್ತಿತ್ತು. ನಾನು ಪ್ರೆಸ್ಸೊಂದರಲ್ಲಿ ಕರಡು ತಿದ್ದುವವನು. ಆ ಪರಿಚಯದ ಮೇಲೆ ಬೆಂಗಳೂರಿನ ಒಂದು ಮಕ್ಕಳ ಮಾಸಪತ್ರಿಕೆಯ ಸಂಪಾದಕರಿಗೆ ತೋರಿಸಿದ್ದೆ. ಅವರು ಒಪ್ಪಿದ್ದರು. ಒಂದೇ ಷರತ್ತು: ಕಥಾನಾಯಕನ ಕೊಪ್ಪೆ ತೆಗೆದು, ಸಿನಿಮಾದಲ್ಲಿ ಇರುವಂತೆ ಬೆನ್ನಹಿಂದೆ ಹಾರುವ ಕೇಪು ಹಾಕಬೇಕು. ಮಳೆಗೆ ಕಳಸದ ಫೋನುಗಳೆಲ್ಲ ಸತ್ತಿದ್ದವು. ಸತ್ತಿರದಿದ್ದರೂ ಈ ಮಾತನ್ನು ಫೋನಿನಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಸುದ್ದಿಯಿದೆ, ಶನಿವಾರ ಬರುತ್ತೇನೆ ಎಂದಷ್ಟೇ ಕಾರ್ಡು ಬರೆದು ಹಾಕಿದ್ದೆ.

ಕೊಪ್ಪೆಯ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ ನಾವಿಬ್ಬರೂ ಹೈಸ್ಕೂಲಿನಲ್ಲಿದ್ದಾಗ ಕನ್ನಡಕ್ಕೆ ಅನುವಾದವಾಗಿ ಒಂದು ಕಾಮಿಕ್ಸ್ ಬರುತ್ತಿತ್ತು. ಅದರ ವೀರನ ಹೆಸರು ಕಾರ್ಮುಗಿಲ. ಮೋಡ ಕವಿದಾಗ ಬರುತ್ತಿದ್ದ, ಕೆಟ್ಟವರನ್ನು ಬಡಿದು ಹಾಕಿ ಹೋಗುತ್ತಿದ್ದ. ಕಾಗದ ರದ್ದಿಗಿಂತ ಕಡೆ, ಬಣ್ಣ ಗೆರೆ ದಾಟಿ ಪಕ್ಕದ ಮನೆಗೆ ಹರಿಯುತ್ತಿತ್ತು. ಅವನ ತಲೆಯಿಂದ ಬೆನ್ನಿಗೆ ಇಳಿಬಿದ್ದ ಹೊದಿಕೆ ಆ ಮುದ್ರಣದಲ್ಲಿ ಕಪ್ಪಗೆ, ಅಲ್ಲಲ್ಲಿ ಬಿಳಿ ಎಳೆ ಇಣುಕಿದಂತೆ ಕಾಣುತ್ತಿತ್ತು. ನಮ್ಮ ಕಡೆ ಗದ್ದೆಗೆ ಹೋಗುವವರು ಕಂಬಳಿಯನ್ನು ಒಂದು ಮೂಲೆಯಲ್ಲಿ ಮಡಿಸಿ ತಲೆಯ ಮೇಲೆ ಸೂಡಿಕೊಳ್ಳುವುದಕ್ಕೆ ಕೊಪ್ಪೆ ಅನ್ನುತ್ತಾರೆ. ಇದೂ ಅದೇ ಅಂದುಕೊಂಡೆವು. ಮಳೆಯಲ್ಲಿ ಓಡಾಡುವವನು ಇನ್ನೇನು ಹಾಕಿಕೊಳ್ಳುತ್ತಾನೆ? ಇವನು ನಮ್ಮ ಘಟ್ಟದವನೇ ಎಂಬುದರಲ್ಲಿ ನಮಗೆ ಸಂಶಯವೇ ಇರಲಿಲ್ಲ.

ಕಾಲೇಜಿಗೆ ಬಂದಮೇಲೆ ಹಳೆಪುಸ್ತಕದ ಅಂಗಡಿಯಲ್ಲಿ ಅದರ ಇಂಗ್ಲಿಷ್ ಮೂಲ ಸಿಕ್ಕಿತು. ನುಣುಪು ಕಾಗದ, ಹೊದಿಕೆ ತೆಳು ನೀಲಿ ರೇಷ್ಮೆ! ನಾನು ಓಡಿಹೋಗಿ ಪ್ರಭಾಕರನಿಗೆ ತೋರಿಸಿದೆ. ಅವನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದ್ರಲ್ಲಿ ಪ್ರಿಂಟು ಕೆಟ್ಟಿದೆ ಮಾರಾಯ" ಎಂದು ವಾಪಸು ಕೊಟ್ಟ. ಅವನ ಕಾಮಿಕ್ಸಿನ ನಾಯಕ ಮಳೆಬೈರ ಹುಟ್ಟಿದ್ದು ಆ ಹಟದಿಂದಲೇ. ಹೆಸರು, ಊರು, ಕಥೆ ಎಲ್ಲ ಬೇರೆ. ಕೊಪ್ಪೆ ಮಾತ್ರ ಅದೇ.

ಮೂಡಿಗೆರೆಗೆ ಸುಮಾರು ಮೂವತ್ತು ಕಿಲೋಮೀಟರು. ಅಲ್ಲಿ ಕಳಸದ ಬಸ್ಸಿಗೆ ಕಾದು, ಎಡಗಡೆ ಕಿಟಕಿ ಹಿಡಿದೆ. ಕಿಟಕಿ ಮುಚ್ಚುತ್ತಿರಲಿಲ್ಲ. ಪಕ್ಕದಲ್ಲಿ ಬಾಳೂರಿನ ಎಸ್ಟೇಟೊಂದರ ರೈಟರು ಬಂದು ಕೂತರು. ಎಸ್ಟೇಟಿನ ಲೆಕ್ಕ ಬರೆಯುವ ಕೆಲಸದವರು, ಮಾತಿಗೆ ಬರವಿಲ್ಲದವರು. ನಾನು ಯಾಕೆ ಹೊರಟಿದ್ದೇನೆಂದು ಕೇಳಿ ತಿಳಿದುಕೊಂಡು ಕಾರ್ಮುಗಿಲನ ಸಿನಿಮಾದ ವಿಷಯಕ್ಕೆ ತಾವೇ ಬಂದರು. ಆ ವರ್ಷ ಅದು ನಮ್ಮ ಟಾಕೀಸಿಗೂ ಬಂದಿತ್ತು.

"ಪುಸ್ತಕದಲ್ಲಿ ಎಂತ ಉಂಟು ಮಾರಾಯ್ರೆ? ಹಾರಿದ ಹಾಗೇ ನಿಂತಿರ್ತಾನೆ. ಸಿನಿಮಾದಲ್ಲಿ ನಿಜವಾಗಿ ಹಾರ್ತಾನೆ" ಎಂದರು ರೈಟರು.

ನಾನೂ ಹೌದೆಂದೆ. ಸುಳ್ಳೇನಲ್ಲ, ಆ ಸಿನಿಮಾ ನನಗೆ ಬಹಳ ಹಿಡಿಸಿತ್ತು, ಎರಡು ಸಲ ನೋಡಿದ್ದೆ. ಕಾಮಿಕ್ಸಿನಲ್ಲಿ ಮೊದಲ ಕಲಾವಿದ ಹೋಗಿ ಎರಡನೆಯವನು ಬಂದಮೇಲೆ ಕಾರ್ಮುಗಿಲನ ಎದೆ ಅಕ್ಕಿಮೂಟೆಯಷ್ಟು ಊದಿ, ಮುಖ ಸಣ್ಣದಾಗಿ, ಪುಟದ ತುಂಬ ಬರೀ ಹೊಡೆದಾಟವಾಗಿತ್ತು. ಸಿನಿಮಾದವರು ಅವನಿಗೆ ಮನುಷ್ಯನ ಮುಖ ವಾಪಸು ಕೊಟ್ಟಿದ್ದರು. ಆದರೂ ಒಂದು ಕೊರತೆ ಕಾಡುತ್ತಿತ್ತು. ಕಾಮಿಕ್ಸಿನಲ್ಲಿ ಒಂದು ಚೌಕದಲ್ಲಿ ಕೈ ಎತ್ತಿರುತ್ತಾನೆ, ಮುಂದಿನದರಲ್ಲಿ ಎದುರಾಳಿ ಬಿದ್ದಿರುತ್ತಾನೆ. ನಡುವಿನ ಏಟು ಕೊಡುವವರು ನಾವು. ಸಿನಿಮಾ ಆ ಏಟನ್ನೂ ತಾನೇ ಕೊಟ್ಟುಬಿಡುತ್ತದೆ. ಇದನ್ನು ರೈಟರಿಗೆ ಹೇಳಿದಾಗ ಅವರು ನನ್ನ ಮುಖ ನೋಡಿ, "ನಿಮ್ಗೆ ಪುರುಸೊತ್ತು ಜಾಸ್ತಿ" ಎಂದು ನಕ್ಕರು.

ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ನೀರುದೋಸೆ, ಕಾಯಿಚಟ್ನಿ ತಿಂದು ಒಂದು ಲೋಟ ಕಾಫಿ ಕುಡಿದೆ. ಮಂಜು ಹೋಟೆಲಿನ ಒಳಗೇ ಬಂದು ಕೂತಿತ್ತು. ಅಲ್ಲಿಂದ ಮುಂದೆ ತಿರುವುಗಳ ದಾರಿ. ಬಾಳೂರಿನಲ್ಲಿ ರೈಟರು ಇಳಿದರು. ತೋಟದ ಕೆಲಸದವರು ಒಂದು ಜೀಪಿನ ಹಿಂದೆ ಒತ್ತಿಕೊಂಡು ನಿಂತಿದ್ದರು. ಎಲ್ಲರ ತಲೆಯ ಮೇಲೂ ಗೊಬ್ಬರದ ಚೀಲದ ಪ್ಲಾಸ್ಟಿಕ್ಕು, ಒಬ್ಬಿಬ್ಬರಿಗೆ ರೈನ್‌ಕೋಟು. ಕಂಬಳಿ ಒಂದೂ ಇಲ್ಲ. ಸಂಪಾದಕರು ಹೇಳಿದ್ದೂ ಇದನ್ನೇ: "ಕೊಪ್ಪೆ ಅಂದ್ರೆ ಏನು ಅಂತ ಯಾವ ಮಗೂಗೆ ಗೊತ್ತು?" ಪ್ರಭಾಕರನನ್ನು ಒಪ್ಪಿಸಲು ಒಳ್ಳೆಯ ಸಾಕ್ಷಿ ಸಿಕ್ಕಿತೆಂದು ನನಗೆ ಸಮಾಧಾನವಾಯಿತು.

ಕಳಸ ತಲುಪಿದಾಗ ಮಧ್ಯಾಹ್ನ ಕಳೆದಿತ್ತು. ಪ್ರಭಾಕರನ ಬಾಡಿಗೆ ಮನೆ ಬಸ್ ನಿಲ್ದಾಣದಿಂದ ಹೆಚ್ಚು ದೂರವಿಲ್ಲ. ಅವನ ಹೆಂಡತಿ ಸುಮಿತ್ರಾ ಟವೆಲು ಕೊಟ್ಟು, "ಮೊದ್ಲು ತಲೆ ಒರೆಸ್ಕೊಳಿ ಶ್ರೀಧರಣ್ಣ. ಎಂತ ಸುದ್ದಿ ತಂದಿದೀರಿ? ಇವ್ರು ಶಾಲೆ ಬಿಟ್ಟು ಬಂದಾಗಿಂದ ಬಾಗ್ಲಲ್ಲೇ ಇದಾರೆ" ಎಂದರು. ಬಿಸಿ ಅನ್ನ, ಕಳಲೆ ಪಲ್ಯ, ಸಾರು. ಊಟ ಮುಗಿಯುವವರೆಗೂ ಪ್ರಭಾಕರ ಸುದ್ದಿ ಕೇಳಲಿಲ್ಲ, ಸಿನಿಮಾದ ಮಾತೇ ಆಡಿದ. ಅವನು ಅದನ್ನು ಸ್ನೇಹಿತರ ಮನೆಯಲ್ಲಿ ಸೀಡಿ ಹಾಕಿಸಿ ನೋಡಿದ್ದ.

"ಪಾರ್ಟು ಹಾಕಿದ ಹುಡುಗ ಚೆನ್ನಾಗಿ ಮಾಡಿದ್ದ. ಸೇತುವೆ ಸೀನು ನಂಗೂ ಇಷ್ಟ ಆಯ್ತು. ಆದ್ರೆ ಬಿಸ್ಲು ಜಾಸ್ತಿ ಮಾರಾಯ. ಅಷ್ಟು ಬಿಸ್ಲಲ್ಲಿ ಕಾರ್ಮುಗಿಲನಿಗೆ ಎಂತ ಕೆಲಸ?"

ಆಗ ನಾನು ಹೇಳಿದೆ. ಒಪ್ಪಿದ್ದಾರೆ ಎಂದಾಗ ಅವನ ಮುಖ ಅರಳಿದ್ದು ಇನ್ನೂ ಕಣ್ಣಲ್ಲಿದೆ. ಷರತ್ತು ಹೇಳಿದ ಮೇಲೆ ಅವನು ಕೈಯ ಅಡಿಕೆಯನ್ನು ತಟ್ಟೆಗೆ ಹಾಕಿದ. ನಾನು ಬಾಳೂರಿನ ಪ್ಲಾಸ್ಟಿಕ್ಕಿನ ಸಾಕ್ಷಿಯನ್ನೂ ಒಪ್ಪಿಸಿದೆ. ಕೊಪ್ಪೆ ಇಲ್ಲೇ ಯಾರೂ ಹಾಕುವುದಿಲ್ಲ, ಕಾರ್ಮುಗಿಲನಿಗೆ ನಾವು ಅದನ್ನು ಹೊದಿಸಿದ್ದೇ ಒಂದು ತಪ್ಪು ತಿಳುವಳಿಕೆಯಿಂದ, ಅಚ್ಚಾಗುವುದು ಮುಖ್ಯ ಎಂದೆಲ್ಲ ವಕೀಲಿಕೆ ಮಾಡಿದೆ.

"ತಪ್ಪು ತಿಳ್ಕೊಂಡಿದ್ದು ಹೌದು. ಆದ್ರೆ ನಾನು ಚಿತ್ರ ಬರೆಯಕ್ಕೆ ಶುರು ಮಾಡಿದ್ದು ಅದ್ರಿಂದಲೇ ಅಲ್ವಾ?" ಎಂದ ಪ್ರಭಾಕರ.

ಸುಮಿತ್ರಾ ಬಾಗಿಲಲ್ಲಿ ನಿಂತಿದ್ದರು. "ಒಂದ್ಸಲ ಬರ್ದು ನೋಡಿ. ಅಚ್ಚಲ್ಲಿ ಹೆಸ್ರು ಬರ್ಲಿ ಅಂತ ಎಷ್ಟು ವರ್ಷದಿಂದ ಕಾಯ್ತಿದೀರಿ" ಎಂದರು. ಅವರ ದನಿಯಲ್ಲಿ ಬೇಡಿಕೆಗಿಂತ ಆಯಾಸವಿತ್ತು.

ಭಾನುವಾರ ತಿಂಡಿ ತಿಂದು ಪ್ರಭಾಕರ ಮೇಜಿನ ಮುಂದೆ ಕೂತ. ಬರೆಯುವಾಗ ಯಾರೂ ನೋಡಬಾರದು, ಅವನ ಹಳೆಯ ಚಾಳಿ. ನಾನು ಛತ್ರಿ ಹಿಡಿದು ಭದ್ರೆಯ ಕಡೆ ಹೋದೆ. ನೀರು ಕೆಂಪಗೆ, ಮರದ ಕೊಂಬೆಗಳನ್ನು ಹೊತ್ತುಕೊಂಡು ಓಡುತ್ತಿತ್ತು. ದೇವಸ್ಥಾನದ ಮೆಟ್ಟಿಲು ಹತ್ತಿ ಕೈಮುಗಿದು ಬಂದೆ. ಏನು ಕೇಳಿಕೊಳ್ಳಬೇಕೆಂದು ತೋಚಲಿಲ್ಲ. ವಾಪಸು ಬಂದಾಗ ಅವನು ಬರೆದ ಪುಟವನ್ನು ಒಣಗಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಅಂಟಿಸಿದ್ದ.

ಬಾಳೆಹೊನ್ನೂರು ಮೇಲೆ ಹೋಗುವ ಬಸ್ಸಿಗೆ ಹತ್ತಿಸಲು ಅವನೇ ಬಂದ. ಬಸ್ಸು ಹೊರಡುವ ಹೊತ್ತಿಗೆ ಕವರನ್ನು ಕಿಟಕಿಯಿಂದ ಕೊಟ್ಟ.

"ಕೊಪ್ಪೆ ತೆಗ್ದಿದೀನಿ. ಬಸ್ಸಲ್ಲಿ ನೋಡು, ನನ್ನೆದ್ರು ಬೇಡ. ನೀನು ಹೂಂ ಅಂದ್ರೆ ಎಲ್ಲಾ ಪುಟಾನೂ ಹೀಗೇ ಮಾಡಿ ಕಳಿಸ್ತೀನಿ."

"ನಾನ್ಯಾರೋ ಹೇಳಕ್ಕೆ?"

"ನೀನಲ್ದೆ ಮತ್ಯಾರು? ಕಾರ್ಮುಗಿಲನ್ನ ಓದಿದವ್ರು ಅಂತ ನಂಗೆ ಗೊತ್ತಿರೋದು ನೀನೊಬ್ಬನೇ" ಎಂದ. ನಗಲು ನೋಡಿದ, ಆಗಲಿಲ್ಲ. ಬಸ್ಸು ಹೊರಟಿತು.

ಕಳಸದ ಮನೆಗಳು ಮುಗಿದು ತೋಟ ಶುರುವಾದ ಮೇಲೆ ಕವರು ಬಿಚ್ಚಿದೆ. ನೆರೆ ಬಂದ ಹೊಳೆಯ ದಂಡೆಯಲ್ಲಿ ಮಳೆಬೈರ ನಿಂತಿರುವ ಪುಟ ಅದು. ಕೇಪು ಬರೆದದ್ದು ಬಹಳ ಚೆನ್ನಾಗಿತ್ತು. ಒಂದೊಂದು ಮಡಿಕೆಯೂ ಲೆಕ್ಕಕ್ಕೆ ಸರಿ, ಸಂಪಾದಕರು ಕಣ್ಣುಮುಚ್ಚಿ ಒಪ್ಪುವಂತಿತ್ತು. ಕೈಯಲ್ಲಿ ಮೋಸವಿರಲಿಲ್ಲ. ಆದರೆ ಮಳೆಯನ್ನು ಅವನು ತೆಗೆದಿರಲಿಲ್ಲ. ಕೇಪು ನೆನೆದು ಬೆನ್ನಿಗೆ ಅಂಟಿತ್ತು, ಕೂದಲು ಹಣೆಗೆ ಇಳಿದಿತ್ತು. ಆ ಆಜಾನುಬಾಹು ತೊಯ್ದು ತೊಪ್ಪೆಯಾಗಿ, ಚಳಿಗೆ ಎರಡೂ ಕೈ ಎದೆಗೆ ಕಟ್ಟಿಕೊಂಡು ನಿಂತಿದ್ದ. ಹೊಳೆಯಲ್ಲಿ ಕೊಚ್ಚಿಹೋಗುತ್ತಿದ್ದವರ ಕಡೆ ಚಾಚಬೇಕಾದ ಕೈ ಅದು. ನನಗೆ ಮೊದಲು ನಗು ಬಂತು. ಆಮೇಲೆ ಬಹಳ ಸಂಕಟವಾಯಿತು. ಬೇಕೆಂದೇ ಹಾಗೆ ಬರೆದನೋ, ಕೈ ತಾನಾಗಿ ಬರೆಯಿತೋ, ಇವತ್ತಿಗೂ ಕೇಳಿಲ್ಲ.

ಬಾಳೆಹೊನ್ನೂರಿನಲ್ಲಿ ಬಸ್ಸು ಕಾಫಿಗೆ ನಿಂತಿತು. ಆಲ್ದೂರು, ವಸ್ತಾರೆ ದಾಟಿ ಊರು ಸೇರುವಷ್ಟು ಹೊತ್ತು ತಡೆದರೆ ನನ್ನ ಮನಸ್ಸು ಮತ್ತೆ ವಕೀಲಿಕೆಗೆ ಇಳಿಯುತ್ತದೆಂದು ಗೊತ್ತಿತ್ತು. ನಿಲ್ದಾಣದ ಎಸ್‌ಟಿಡಿ ಬೂತಿಗೆ ಹೋಗಿ ಸಂಪಾದಕರ ಮನೆಗೆ ಫೋನು ಮಾಡಿದೆ.

"ಕೊಪ್ಪೆ ತೆಗೆಯಕ್ಕಾಗಲ್ಲ ಸಾರ್. ಹಾಕೋದಾದ್ರೆ ಇದ್ದ ಹಾಗೇ ಹಾಕಿ."

"ಹಾಗಾದ್ರೆ ನಮಗೆ ಕಷ್ಟ ಆಗುತ್ತಲ್ರೀ" ಎಂದರು. ಒಳ್ಳೆಯ ಮನುಷ್ಯರು, ಅವರಿಗೂ ಬೇಸರವಾದದ್ದು ದನಿಯಲ್ಲೇ ತಿಳಿಯುತ್ತಿತ್ತು. "ಅಷ್ಟು ದೂರ ಹೋಗಿದ್ರಿ. ಅವ್ರು ಒಪ್ಪಲೇ ಇಲ್ವಾ?" ಎಂದು ಕೇಳಿದರು.

"ಅವ್ನು ಒಪ್ಪಿದ ಸಾರ್. ನಾನು ಒಪ್ಪಲಿಲ್ಲ" ಎಂದೆ.