ಅವ್ವನ ನಿದ್ದೆ ಕುರಿತು ಬರೆದ ಪ್ರಬಂಧ

ಪುಟ್ಟಿ, ಚಿನ್ನು, ನನಗೆ ಎದುರು ಕೂತು ಕಥೆ ಹೇಳಲು ಬರುವುದಿಲ್ಲ. ನಾಲ್ಕು ಜನ ನನ್ನತ್ತ ನೋಡಿದರೆ ಹೇಳಬೇಕಾದದ್ದು ಮರೆತೇಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ನಿಮ್ಮ ತಾತನಿಗೆ ಮಾತ್ರ ಒಮ್ಮೆ ಹೇಳಿದ್ದೆ. ಈಗ ಅವರೂ ಇಲ್ಲ.

ಎರಡನೇ ಮಹಾಯುದ್ಧದ ಕಾಲ. ದುದ್ದದ ಹತ್ತಿರದ ನಮ್ಮ ಹಳ್ಳಿಯ ಶಾಲೆಯಲ್ಲಿ ನಾನು ಕೊನೆಯ ತರಗತಿಯಲ್ಲಿದ್ದೆ. ಮಂಡ್ಯದಲ್ಲಿ ಮಕ್ಕಳಿಗೊಂದು ಪ್ರಬಂಧ ಸ್ಪರ್ಧೆ ಇದೆಯೆಂದು ಮೇಷ್ಟ್ರು ಹೇಳಿದರು. ವಿಷಯ ನಿದ್ರೆ. ಮನುಷ್ಯ ಏಕೆ ಮಲಗುತ್ತಾನೆ, ಮಲಗಿದಾಗ ದೇಹಕ್ಕೆ ಏನಾಗುತ್ತದೆ ಎಂದು ಬರೆಯಬೇಕು. ಪುಸ್ತಕದಿಂದ ನಕಲು ಮಾಡಿದರೆ ಕಿವಿ ಹಿಂಡುತ್ತೇನೆ, ಮನೆಯಲ್ಲಿ ಮಲಗಿದವರ ಪಕ್ಕ ಕೂತು ಉಸಿರು, ರೆಪ್ಪೆ, ಕೈಕಾಲು ನೋಡಿ ಬರೆಯಿರಿ ಎಂದರು. ಗೆದ್ದವರು ಮಂಡ್ಯಕ್ಕೆ ಹೋಗಿ ದೊಡ್ಡವರೆದುರು ಅದನ್ನು ಓದಬೇಕಿತ್ತು. ನನಗೆ ಮಂಡ್ಯ ನೋಡುವ ಆಸೆಯೂ ಇತ್ತು, ಓದುವ ಭಯವೂ ಇತ್ತು.

ಮೊದಲು ತಮ್ಮನ ತೊಟ್ಟಿಲ ಪಕ್ಕ ಕೂತೆ. ಅಪ್ಪನ ತಾಯಿ, ನಮ್ಮಜ್ಜಿ, ನೋಡಿದ್ದೇ ತಡ ರಟ್ಟೆ ಹಿಡಿದು ಎಬ್ಬಿಸಿದಳು. ಮಲಗಿದ ಮಗುವನ್ನು ದಿಟ್ಟಿಸಿದರೆ ಕಣ್ಣಾಗುತ್ತದಂತೆ, ಹೆತ್ತವಳೂ ನೋಡಬಾರದಂತೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಹಾಗಾದರೆ ನೀನೇ ಮಲಗಜ್ಜಿ ಎಂದೆ.

“ನಾನಿನ್ನೂ ಸತ್ತಿಲ್ಲ ಕಣೇ, ಎದುರಿಗೆ ಕೂತ್ಕಂಡು ಕಾಯಕ್ಕೆ” ಎಂದಳು.

ಬೆಲ್ಲ ಕಾಯಿಸುವ ಕಾಲವಾದ್ದರಿಂದ ಅಪ್ಪನ ಊಟ ನಿದ್ದೆ ಎಲ್ಲ ಆಲೆಮನೆಯಲ್ಲೇ. ಉಳಿದವಳು ಅವ್ವ. ಕೋಳಿ ಕೂಗುವ ಮೊದಲೇ ಎದ್ದು ರಾಗಿ ಬೀಸುತ್ತಿದ್ದಳು, ಆಲೆಮನೆಗೆ ಬುತ್ತಿ ಹೊರುತ್ತಿದ್ದಳು, ರಾತ್ರಿಯೆಲ್ಲ ತಮ್ಮನ ಅಳು. ಬಾಣಂತನದ ನಿಶ್ಶಕ್ತಿ ಇನ್ನೂ ಹೋಗಿರಲಿಲ್ಲ. ಹಿಂದಿನ ವಾರ ಬೀಸುವ ಕಲ್ಲಿನ ಮುಂದೆಯೇ ಕಣ್ಣು ಕತ್ತಲಿಟ್ಟು ಬಿದ್ದಿದ್ದಳು. ಆದರೂ ಹಗಲು ಮಲಗುವಂತಿರಲಿಲ್ಲ. ಸೊಸೆ ಹಗಲಲ್ಲಿ ಚಾಪೆ ಹಾಸಿದರೆ ಮನೆಯ ಲಕ್ಷ್ಮಿ ಎದ್ದು ಹೋಗುತ್ತಾಳೆಂದು ಅಜ್ಜಿಗೆ ಅವಳ ಅತ್ತೆ ಹೇಳಿದ್ದಳಂತೆ.

ಮೇಷ್ಟ್ರ ಅಪ್ಪಣೆ ಎಂದು ನಾನು ಅಜ್ಜಿಯನ್ನು ಪೀಡಿಸಿದೆ. ಮೇಷ್ಟ್ರ ಮಾತೆಂದರೆ ಅವಳಿಗೂ ಅಂಜಿಕೆ. ಬರೆದಾದ ತಕ್ಷಣ ಎಬ್ಬಿಸಬೇಕು ಎಂದು ಒಪ್ಪಿದಳು. ನಿದ್ದೆಯನ್ನೂ ಸ್ಕೂಲಿನಲ್ಲಿ ಕೇಳುತ್ತಾರಾ ಎಂದು ಅವ್ವ ನಕ್ಕಳು. ಊಟವಾದ ಮೇಲೆ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿ ಕಣ್ಣು ಮುಚ್ಚಿಕೊಂಡಳು. ತುಟಿಯಲ್ಲಿ ನಗು ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ನಗು ಕರಗಿತು. ಉಸಿರು ನಿಧಾನವಾಯಿತು. ಹಣೆಯ ಗೆರೆಗಳು ಒಂದೊಂದಾಗಿ ಹೋದವು, ಅವ್ವ ನನಗೆ ಅಕ್ಕನಾಗುವಷ್ಟು ಚಿಕ್ಕವಳಾಗಿ ಕಂಡಳು. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಅತ್ತಿತ್ತ ಓಡಾಡುತ್ತಿತ್ತು. ಬಲಗೈ ಮಾತ್ರ ಆಗಾಗ ಬಿಗಿಯುತ್ತಿತ್ತು, ಬೀಸುವ ಕಲ್ಲಿನ ಗೂಟ ಹಿಡಿದ ಹಾಗೆ. ಎಲ್ಲವನ್ನೂ ಬರೆದೆ.

ಬರೆದು ಮುಗಿಯುವಾಗ ದೀಪ ಹಚ್ಚುವ ಹೊತ್ತು. ಆ ಹೊತ್ತಿನಲ್ಲಿ ಕಾಯಿಲೆಯವರನ್ನೂ ನಮ್ಮಲ್ಲಿ ಎಬ್ಬಿಸಿ ಕೂರಿಸುತ್ತಾರೆ. ಅಜ್ಜಿ ಒಳಗೆ ಬಂದಳು. ನಾನು ಅವ್ವನನ್ನು ಎಬ್ಬಿಸಲು ಕೈ ಚಾಚಿದೆ. ಅಜ್ಜಿ ಸೊಸೆಯ ಮುಖವನ್ನೇ ನೋಡುತ್ತ ನಿಂತಳು.

“ಬರ್ದು ಮುಗೀತಾ?”

ಹಾಳೆ ತುಂಬಿತ್ತು. ಅದನ್ನು ಮಗುಚಿ ಇಟ್ಟು, “ಇನ್ನೂ ಇಲ್ಲ” ಎಂದೆ.

“ಅಂಗಾದ್ರೆ ಬುಡು, ಮಲಗ್ಲಿ.”

ಸೀಮೆಎಣ್ಣೆ ಸಿಗದ ದಿನಗಳು. ಅಜ್ಜಿ ಹರಳೆಣ್ಣೆ ದೀಪ ಹಚ್ಚಿ, ಬೆಳಕು ಅವ್ವನ ಮುಖಕ್ಕೆ ಬೀಳದಂತೆ ಮೊರ ಅಡ್ಡ ಇಟ್ಟಳು. ತಮ್ಮನನ್ನು ಎತ್ತಿಕೊಂಡು ಜಗುಲಿಗೆ ಹೋದಳು.

ಅಂದಿನಿಂದ ನನ್ನ ಪ್ರಬಂಧ ಮುಗಿಯಲೇ ಇಲ್ಲ. ಮಧ್ಯಾಹ್ನವಾದರೆ ಅವ್ವ ಮಲಗುತ್ತಿದ್ದಳು, ನಾನು ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಕೂರುತ್ತಿದ್ದೆ. ಅವಳ ಮುಖಕ್ಕೆ ರಕ್ತದ ಕಳೆ ಬರತೊಡಗಿತು. ಮೇಷ್ಟ್ರು ಕೇಳಿದಾಗಲೆಲ್ಲ ನಾಳೆ ಎನ್ನುತ್ತಿದ್ದೆ. ಕೊಟ್ಟುಬಿಟ್ಟರೆ ಸುದ್ದಿ ಮನೆಗೆ ಬರುತ್ತದೆ, ಚಾಪೆ ಸುತ್ತಿ ಇಡುತ್ತಾರೆ ಎಂಬ ಚಿಂತೆ ನನಗೆ. ಕಡೆಗೆ ಮೇಷ್ಟ್ರು ಉಳಿದವರದನ್ನು ಕಟ್ಟಿ ಮಂಡ್ಯಕ್ಕೆ ಕಳಿಸಿಯೇಬಿಟ್ಟರು. ಅವರಲ್ಲೊಬ್ಬ ಹುಡುಗ ತನ್ನ ಮನೆಯ ಎಮ್ಮೆಯ ನಿದ್ದೆ ಬರೆದಿದ್ದ, ಅದೂ ಹೋಯಿತು. ಬಹುಮಾನ ಯಾರಿಗೆ ಬಂತೋ ನಮ್ಮೂರಿಗೆ ತಿಳಿಯಲಿಲ್ಲ.

ಎಷ್ಟು ದಿನ ಮುಚ್ಚಿಡಲಿ? ಸ್ಪರ್ಧೆ ಮುಗಿಯಿತೆಂದು ಮನೆಯಲ್ಲಿ ಹೇಳಿದೆ. ಅವ್ವ ಚಾಪೆ ಸುತ್ತಲು ಬಗ್ಗಿದಳು. ಅಜ್ಜಿ ಅದರ ಅಂಚನ್ನು ಕಾಲಲ್ಲಿ ಮೆಟ್ಟಿ ನಿಂತಳು.

“ಓದೋ ಮಕ್ಳಿಗೆ ಬರಿಯೋದು ಮುಗಿಯೋದುಂಟಾ? ಬರೀಲಿ ಬುಡು. ನೀನು ಬಿದ್ಕೋ.”

ಅವತ್ತು ಅವ್ವ, ನನ್ನ ಬಗ್ಗೆ ಏನು ಬರೆದಿದ್ದೀಯ ಓದು ಎಂದಳು. ಮಂಡ್ಯದವರೆದುರು ಓದಬೇಕಾದದ್ದನ್ನು ಅವಳೊಬ್ಬಳೆದುರು ಓದಿದೆ. ಎರಡನೆಯ ಹಾಳೆ ತಿರುಗಿಸುವಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು. ನಾನು ದನಿ ಇಳಿಸಿ ಕೊನೆಯವರೆಗೂ ಓದಿದೆ.

ಆ ಹಾಳೆಗಳನ್ನು ಇಲಿ ತಿಂದವು. ಅವ್ವನ ಫೋಟೋ ಒಂದೂ ಇಲ್ಲ. ಅವಳ ಮುಖ ಹಾಗಿತ್ತೆಂದು ಹೇಳಲು ಇನ್ನು ಈಗ ಬರೆದ ಈ ಹಾಳೆಗಳೇ ಇರುವುದು. ಒದ್ದೆ ತಾಗದ ಕಡೆ ಇಡಿ ಮಕ್ಕಳೇ, ನಡುವೆ ಒಂದಿಷ್ಟು ಬೇವಿನ ಸೊಪ್ಪು ಹಾಕಿ.