‘ಸಾರಿ’ ಕಲಿಸಿದ ಮಾಸ್ತರರು

ನಮ್ಮ ಇಂಗ್ಲಿಷ್ ಮಾಸ್ತರರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಬೋಳು ಬೆರಳನ್ನು ನಾಲಗೆಗೆ ಮುಟ್ಟಿಸಿ ದಪ್ಪ ಡಿಕ್ಷನರಿಯ ಹಾಳೆ ತಿರುವತೊಡಗಿದರೆ, ಯಲಬುರ್ಗಾ ಕಡೆಯ ಮಂಗಳೂರಿನ ನಮ್ಮ ಶಾಲೆಯಲ್ಲಿ ಪಿಟ್ಟೆನ್ನುವವರಿರಲಿಲ್ಲ. ದಿನಕ್ಕೊಂದು ಶಬ್ದದ ಹುಟ್ಟು ಹೇಳುತ್ತಿದ್ದರು.

‘ಸಾರಿ’ಯ ದಿನ ಚೆನ್ನಾಗಿ ನೆನಪಿದೆ. “ಇದು ಹುಟ್ಟಿದ್ದು ಹುಣ್ಣಿನಾಗ. ಗಾಯ, ನೋವು ಅಂತಿದ್ದ ಹಳೇ ಮಾತಿನ ಮಗಳಿದು. ಈಗ ಬಸ್ಸಿನಾಗ ಕಾಲು ತುಳದವ್ರೂ ಸಾರಿ ಅಂದು ಇಳದು ಹೋಗ್ತಾರ,” ಎಂದಿದ್ದರು. ಅವತ್ತಿನಿಂದ ಒಂದು ಪದ್ಧತಿ ಮಾಡಿದರು. ಯಾರು ಸಾರಿ ಎಂದರೂ ಇಡೀ ತರಗತಿ “ಎಲ್ಲಿ ನೋವಾತು?” ಎಂದು ಕೇಳಬೇಕು. ಅಂದವರು ಉತ್ತರ ಕೊಟ್ಟೇ ಕೂರಬೇಕು.

ನನಗೆ ಆ ಡಿಕ್ಷನರಿಯ ಹುಚ್ಚು ಹಿಡಿಯಿತು. ಊಟದ ಬಿಡುವಿನಲ್ಲಿ ಅದನ್ನು ತೆಗೆದು ಓದುತ್ತಿದ್ದವಳು ನಾನೊಬ್ಬಳೇ. ಒಂದು ಸೋಮವಾರ ನೋಡಿದರೆ ಅದು ಕಪಾಟಿನಲ್ಲಿರಲಿಲ್ಲ. ಮಾಸ್ತರರು ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಅವ್ವನನ್ನು ಕರೆಸಿದರು.

“ಕೂಲಿಯವರ ಮನ್ಯಾಗ ಡಿಕ್ಷನರಿಗೆ ಏನ್ ಕೆಲಸ ಐತಿ? ತಂದುಕೊಡ್ರಿ.”

ಅವ್ವ ಎಲ್ಲರೆದುರು ಮಣ್ಣುಗೈಯನ್ನೇ ಮುಗಿದಳು. “ನಮ್ಮ ಹುಡುಗಿ ಅಂಥಾಕಿ ಅಲ್ರಿ ಸರ. ಆದ್ರೂ ತಪ್ಪಾತ್ರಿ, ಹೊಟ್ಟ್ಯಾಗ ಹಾಕ್ಕೊಳ್ರಿ.” ಮಾಡದ ತಪ್ಪಿಗೆ!

ನಾಲ್ಕು ದಿನದ ಮೇಲೆ ಡಿಕ್ಷನರಿ ಹೊಸ ರಟ್ಟು ಹಾಕಿಸಿಕೊಂಡು ಬಂತು. ಹೆಡ್‌ಮಾಸ್ತರರು ಯಾರಿಗೂ ಹೇಳದೆ ಬೈಂಡಿಂಗಿಗೆಂದು ಕೊಪ್ಪಳಕ್ಕೆ ಒಯ್ದಿದ್ದರಂತೆ. ನಮ್ಮ ಮಾಸ್ತರರು ನನ್ನ ಕಡೆ ನೋಡದೆಯೇ “ಸಾರಿ” ಎಂದು ಬೋರ್ಡಿಗೆ ತಿರುಗಿದರು. ಎಲ್ಲಿ ನೋವಾಯಿತೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವ್ವನ ಹತ್ತಿರವಂತೂ ಅವರು ಹೋಗಲೇ ಇಲ್ಲ.

ಅದೇ ಸಿಟ್ಟಿನಲ್ಲಿ ಓದಿದೆ. ಈಗ ಕುಷ್ಟಗಿಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕಲಿಸುವ ರೀತಿಯೆಲ್ಲ ಅವರದೇ. ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ.

ಹೋದ ವರ್ಷ ಅವರು ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಹೋದೆ. ಗುರುತು ಹಿಡಿದರು.

“ಸಾರಿ, ತಂಗಿ.”

“ಎಲ್ಲಿ ನೋವಾತ್ರಿ ಸರ?”

ಉಗುರಿಲ್ಲದ ಹೆಬ್ಬೆರಳಿನಿಂದ ಹೊದಿಕೆಯ ಅಂಚನ್ನು ಹಾಳೆಯಂತೆ ತಿರುವಿದರು. “ನಿಮ್ಮವ್ವ ಕೈ ಮುಗದು ನಿಂತಿದ್ಲಲ್ಲ, ಅಲ್ಲಿ. ಆಕಿಗೆ ಹೇಳು.”

“ಅವ್ವ ಹೋಗಿ ಆರು ವರ್ಷಾತ್ರಿ.”

ಸಮಾಧಾನಕ್ಕೆ ಒಂದು ಮಾತು ಸೇರಿಸಬಹುದಿತ್ತು. ಸೇರಿಸದೆ ಎದ್ದು ಬಂದೆ. ವಾರದೊಳಗೆ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಹಳೆಯ ವಿದ್ಯಾರ್ಥಿಗಳೆಲ್ಲ ಸಾಲಾಗಿ ಬಂದು ಕೈ ಮುಗಿದರು. ನನ್ನ ಕೈ ಏಳಲಿಲ್ಲ.