ಮೂಲೆಯಲ್ಲಿದ್ದ ಹೆಬ್ಬೆರಳು

ಬೆಳಕೆಯ ಜಟ್ಟಿ ನಾಯ್ಕ ನಮ್ಮ ಫೋಟೋ ಸ್ಪರ್ಧೆಗೆ ಎಂಟು ವರ್ಷ ಚಿತ್ರ ಕಳಿಸಿ ಎಂಟು ವರ್ಷವೂ ಸೋತ. ಒಂಬತ್ತನೆಯ ವರ್ಷ ಮೊದಲ ಬಹುಮಾನ ಗೆದ್ದ. ಗೆಲ್ಲಿಸಿದವಳು ನಾನು. ಅಷ್ಟು ಕೆಟ್ಟ ಕೆಲಸವನ್ನು ನಾನು ಜನ್ಮದಲ್ಲಿ ಬೇರೆ ಮಾಡಿಲ್ಲ.

ನನ್ನ ಹೆಸರು ಸುಬ್ಬಲಕ್ಷ್ಮಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಟೀಚರ್ ನಿವೃತ್ತಿಯಾದರೂ ಅವರ ಬಾಯಿ ಆಗಲಿಲ್ಲ ಎಂದು ಹೊನ್ನಾವರದಲ್ಲಿ ಹೇಳುತ್ತಾರೆ. ಹೇಳಲಿ. ನಾಲ್ಕು ಜನ ಸೇರಿ ಕಟ್ಟಿದ ಅಳಿವೆ ಛಾಯಾ ಬಳಗ ಇಷ್ಟು ವರ್ಷ ನಡೆದದ್ದು ಆ ಬಾಯಿಯಿಂದಲೇ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕಿನ ಹವ್ಯಾಸಿಗಳಿಗೆ ನಾವು ಪ್ರತಿ ಜನವರಿಯಲ್ಲಿ ಸ್ಪರ್ಧೆ ಇಡುತ್ತೇವೆ. ಚಿತ್ರಗಳು ನನ್ನ ಫೋನಿಗೆ ಬರುತ್ತವೆ. ಎಲ್ಲವನ್ನೂ ಒಂದೇ ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ಸಭಾಭವನದಲ್ಲಿ ಕತ್ತದ ಹಗ್ಗ ಎಳೆದು, ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಸಿಕ್ಕಿಸುವುದು ನನ್ನ ಪಾಲಿನ ಕೆಲಸ. ಬೆಳಿಗ್ಗೆ ತೀರ್ಪು. ಮಧ್ಯಾಹ್ನ ಒಂದು ತಾಸು ಪ್ರತಿಯೊಬ್ಬರೂ ತಮ್ಮ ಚಿತ್ರದ ಪಕ್ಕದಲ್ಲಿ ನಿಲ್ಲಬೇಕು, ಬಂದವರು ಕೇಳಿದ್ದಕ್ಕೆ ಉತ್ತರ ಹೇಳಬೇಕು. ಅದಕ್ಕೆ ಮಾತಿನ ತಾಸು ಎಂದು ಹೆಸರು. ಬಹುಮಾನ ಬಂದವರು ಮಾತ್ರ ಆ ಹೊತ್ತಿಗೆ ವೇದಿಕೆಯ ಮೇಲಿರುತ್ತಾರೆ, ಶಾಲು, ಫಲಕ, ಪತ್ರಿಕೆಯವರ ಕ್ಯಾಮೆರಾ ಎಂದು.

ಇನ್ನೊಂದು ನಿಯಮವಿದೆ. ಮೊದಲ ಬಹುಮಾನ ಗೆದ್ದವರು ಮುಂದಿನ ಮೂರು ವರ್ಷ ಚಿತ್ರ ಕಳಿಸುವಂತಿಲ್ಲ. ಕುಮಟೆಯ ಡಾಕ್ಟರೊಬ್ಬರು ಮೊಣಕೈಯುದ್ದದ ಲೆನ್ಸ್ ಹಿಡಿದು ನಾಲ್ಕು ವರ್ಷ ಒಂದೇ ಸಮ ಮಿಂಚುಳ್ಳಿಗೆ ಬಹುಮಾನ ಹೊಡೆದಾಗ ಸಿಟ್ಟು ಬಂದು ನಾನೇ ಬರೆಸಿದ್ದು.

ಜಟ್ಟಿ ರೈಲ್ವೆಯಲ್ಲಿ ಕೀಮ್ಯಾನ್. ಹೆಗಲಿಗೆ ಸುತ್ತಿಗೆ, ಕೈಯಲ್ಲಿ ಬಾವುಟ, ದಿನಾ ಬೆಳಕು ಹರಿಯುತ್ತಲೇ ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು, ಸಡಿಲವಾದ ಕೀಲು ಬಡಿದು, ಅದೇ ದಾರಿಯಲ್ಲಿ ಹಿಂದೆ ಬರಬೇಕು. ಈಗ ಐವತ್ತಾರು. ತಾಯಿ ಸಣ್ಣಮ್ಮ ಹತ್ತು ವರ್ಷ ಹಾಸಿಗೆ ಹಿಡಿದಿದ್ದಳು, ಅವಳನ್ನು ನೋಡಿಕೊಳ್ಳುತ್ತ ಮದುವೆಯ ವಯಸ್ಸು ದಾಟಿತು. ಅವಳು ತೀರಿಕೊಂಡ ವರ್ಷ ಒಂದು ಒಳ್ಳೆಯ ಫೋನ್ ಕೊಂಡ. ಆ ವರ್ಷದಿಂದಲೇ ನಮ್ಮಲ್ಲಿಗೆ ಬರತೊಡಗಿದ. ಮೂರು ದಿನ ಮೊದಲೇ ರಜೆ ಬರೆದುಕೊಟ್ಟು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿರುತ್ತಿದ್ದ.

ಅವನ ಚಿತ್ರಗಳು ಕೆಟ್ಟವಲ್ಲ. ಮಿರ್ಜಾನದ ಹೊಳೆಯಲ್ಲಿ ಬಲೆ ಬಿಡಿಸುವವರು, ಗದ್ದೆಯಲ್ಲಿ ಸಾಲು ಹಿಡಿದು ನೆಟ್ಟಿ ಮಾಡುವ ಹೆಂಗಸರು, ಮಳೆ ನಿಂತ ಮೇಲೆ ಹಳಿಯ ಮೇಲೆ ಕೂತ ಬೆಳ್ಳಕ್ಕಿ. ಆದರೆ ಪ್ರತಿಯೊಂದರ ಎಡ ಮೂಲೆಯಲ್ಲೂ ಹಲಸಿನ ಬೇಳೆಯಷ್ಟು ದೊಡ್ಡ, ಕಂದು ಬಣ್ಣದ ಮಸುಕೊಂದು ಇರುತ್ತಿತ್ತು. ಅವನ ಹೆಬ್ಬೆರಳು. ತೀರ್ಪುಗಾರರು ಅದನ್ನು ನೋಡಿದ್ದೇ ಮುಂದೆ ಹೋಗುತ್ತಿದ್ದರು.

"ಎಂತ ಮಾರಾಯ, ಫೋನ್ ಹಿಡಿಯೂಕೆ ಬರೂದಿಲ್ವ ನಿಂಗೆ? ಬೆರಳು ತೆಗಿ!" ಎಂದು ನಾನು ವರ್ಷಕ್ಕೊಮ್ಮೆ ತಪ್ಪದೆ ಗದರುತ್ತಿದ್ದೆ.

"ಆತು ಟೀಚರೇ, ಮುಂದಿನ ಸಲ ನೋಡ್ವ" ಎನ್ನುತ್ತಿದ್ದ.

ಮುಂದಿನ ಸಲವೂ ಬೆರಳು ಹಾಜರು. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ನನ್ನ ಬೈಗುಳ.

ಹೋದ ವರ್ಷ ಅವನು ಕಳಿಸಿದ್ದು ನಮ್ಮ ಹೊನ್ನಾವರದ ಪಕ್ಕದ ಕಾಸರಕೋಡಿನ ಚಿತ್ರ. ಮರಳ ಮೇಲೆ ಹರಡಿದ ಮೀನು, ಬಗ್ಗಿ ಮಗುಚುತ್ತಿರುವ ಒಬ್ಬ ಮುದುಕಿಯ ಬೆನ್ನು, ಅವಳಿಂದ ನಾಲ್ಕು ಮಾರು ಹಿಂದೆ ಸರದಿಗೆ ಕಾದ ಒಂದೇ ಒಂದು ಕಾಗೆ. ನೋಡಿದವಳೇ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿಕೊಡಲು ಒದ್ದಾಡಿದ್ದೆಲ್ಲ ಅದರಲ್ಲಿತ್ತು. ಮೂಲೆಯಲ್ಲಿ ಬೆರಳೂ ಇತ್ತು. ನನಗೆ ತಡೆಯಲಾಗಲಿಲ್ಲ. ಎಡಗಡೆಯ ಅಂಚನ್ನು ಫೋನಿನಲ್ಲೇ ಕತ್ತರಿಸಿ, ಬೆರಳಿಲ್ಲದ ಚಿತ್ರವನ್ನು ಪ್ರಿಂಟಿಗೆ ಕಳಿಸಿದೆ. ಯಾರಿಗೂ ಹೇಳಲಿಲ್ಲ. ಪಾಪ, ಒಂದು ಸಲವಾದರೂ ಗೆಲ್ಲಲಿ ಎಂದುಕೊಂಡೆ.

ಗೆದ್ದ. ಹುಬ್ಬಳ್ಳಿಯಿಂದ ಬಂದ ತೀರ್ಪುಗಾರರು ಆ ಚಿತ್ರದ ಮುಂದಿನಿಂದ ಕದಲಲೇ ಇಲ್ಲ.

ಹೆಸರು ಕರೆದಾಗ ಜಟ್ಟಿ ಹಿಂದೆ ತಿರುಗಿ, ಬೇರೆ ಯಾರಾದರೂ ಆ ಹೆಸರಿನವರು ಇದ್ದಾರೋ ಎಂದು ನೋಡಿದ. ವೇದಿಕೆ ಹತ್ತುವ ಮೊದಲು ತನ್ನ ಚಿತ್ರದ ಹತ್ತಿರ ಹೋಗಿ ಎಡ ಮೂಲೆಯನ್ನೇ ನೋಡುತ್ತ ನಿಂತ.

"ಟೀಚರೇ, ಇದ್ರಲ್ಲಿ ಒಂದು ಕಡಿಮೆ ಆಯ್ದಲ್ಲ?"

"ನಾನೇ ತೆಗೆದೆ. ಅದಿದ್ರೆ ನಿಂಗೆ ಬಹುಮಾನ ಬರ್ತಿತ್ತ? ನಡಿ, ನಡಿ" ಎಂದೆ, ದೊಡ್ಡ ಉಪಕಾರ ಮಾಡಿದವಳ ಹಾಗೆ.

"ಆತು" ಎಂದ.

ಮಾತಿನ ತಾಸಿನ ಉದ್ದಕ್ಕೂ ಅವನು ಶಾಲು ಹೊದ್ದು ಮೇಲೆ ಕೂತಿದ್ದ. ಕೆಳಗೆ ಎಲ್ಲರ ಚಿತ್ರದ ಬಳಿ ಜನ, ಮಾತು, ನಗು. ಅವನ ಚಿತ್ರದ ಮುಂದೆಯೂ ಜನ ನಿಲ್ಲುತ್ತಿದ್ದರು, ಚಂದ ಎನ್ನುತ್ತಿದ್ದರು, ಹೋಗುತ್ತಿದ್ದರು. ಪಕ್ಕದಲ್ಲಿ ಯಾರೂ ಇಲ್ಲದ ಚಿತ್ರಕ್ಕೆ ಏನು ಕೇಳುವುದು? ಜಟ್ಟಿ ಕತ್ತು ಉದ್ದ ಮಾಡಿ ಅದೇ ಕಡೆ ನೋಡುತ್ತಿದ್ದ. ಹೆಮ್ಮೆಯಿಂದ ನೋಡುತ್ತಿದ್ದಾನೆ ಎಂದೇ ನಾನು ತಿಳಿದೆ.

ಎಂಟು ದಿನ ಬಿಟ್ಟು ಫಲಕವನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ನಮ್ಮ ಮನೆಗೆ ಬಂದ. ಜೊತೆಗೆ ಒಂದು ಅರ್ಜಿ. ರಜೆ ಅರ್ಜಿ ಬರೆದು ರೂಢಿಯಾದ ಕೈ, ಅದೇ ಧಾಟಿ: 'ಸದರಿ ಬಹುಮಾನವನ್ನು ವಾಪಸು ಪಡೆದು, ನನ್ನನ್ನು ಮೊದಲಿನಂತೆ ಸೋತವನೆಂದು ಪರಿಗಣಿಸಬೇಕಾಗಿ ವಿನಂತಿ.'

ನನಗೆ ನಗು ಬಂತು. ಅವನ ಮುಖ ನೋಡಿ ನಗು ಅಲ್ಲೇ ಸತ್ತಿತು.

"ಮೂರು ವರ್ಷ ಬರೂಕಾಗೂದಿಲ್ಲ ಹೇಳಿ ಹೇಳಿದ್ರು. ಹೌದ?"

"ಹೌದು. ಆದ್ರೆ ನೋಡೂಕೆ ಬರಬಹುದಲ್ಲ ಮಾರಾಯ. ಯಾರು ಬೇಡ ಹೇಳ್ತಾರೆ?"

"ನೋಡೂಕೆ ಬಂದವನ ಹತ್ರ ಯಾರು ಎಂತ ಕೇಳ್ತ್ರು ಟೀಚರೇ?"

ಚಹಾ ಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತ ಹೇಳಿದ. "ದಿನಾ ರೈಲು ಹೋಗ್ತದೆ. ಕಿಟಕಿಯಾಗೆ ಜನ ನನ್ನೇ ನೋಡ್ತ್ರು. ಯಾರೂ ನಿಲ್ಲೂದಿಲ್ಲ, ನಿಲ್ಲೂಕೆ ಬರೂದೂ ಇಲ್ಲ. ಮನೀಗೆ ಹೋದ್ರೆ ಮಾತಾಡೂಕೆ ಅಬ್ಬೆ ಇಲ್ಲ. ನಿಮ್ಮಲ್ಲಿ ಆ ಒಂದು ತಾಸು ಜನ ನಿಲ್ತ್ರು. ಬೆರಳು ಕಂಡ್ರೆ ಯಾರಾರೂ ಕೇಳೇ ಕೇಳ್ತ್ರು, ಇದೆಂತದು ಹೇಳಿ. ಆಮೇಲೆ ಯಾವೂರು, ಎಂತ ಕೆಲಸ, ಎಲ್ಲ ಕೇಳ್ತ್ರು. ಅಷ್ಟು ಸಾಕು ನಂಗೆ. ಬಹುಮಾನ ಬಂತು, ಕೇಳೂರೇ ಇಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಉತ್ತರ ಕೊಡುವುದು ನನಗೆ ಗೊತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ವರ್ಷಕ್ಕೆ ಇದ್ದ ಒಂದೇ ಒಂದು ತಾಸನ್ನು ಅವನಿಂದ ಕಸಿದುಕೊಂಡು, ಬದಲಿಗೆ ಒಂದು ಮರದ ಹಲಗೆ ಕೊಟ್ಟಿದ್ದೆ. ಅವನು ಹೋದ ಮೇಲೆ ಜಗುಲಿಯಲ್ಲಿ ಕೂತು ಅತ್ತೆ.

ನಮ್ಮ ಅಧ್ಯಕ್ಷ ಕೃಷ್ಣಾನಂದ ಬ್ಯಾಂಕಿನಲ್ಲಿದ್ದು ನಿವೃತ್ತನಾದವ, ನನಗೆ ಸಂಬಂಧದಲ್ಲಿ ತಮ್ಮನಾಗಬೇಕು. ಕೊಟ್ಟ ಬಹುಮಾನ ವಾಪಸು ತೆಗೆದುಕೊಳ್ಳುವ ಪದ್ಧತಿ ಇಲ್ಲ ಎಂದ. ಒಂದು ದಾರಿ ಮಾತ್ರ ಇತ್ತು. ಸ್ಪರ್ಧಿಯ ಚಿತ್ರವನ್ನು ಬೇರೆಯವರು ತಿದ್ದಿದ್ದರೆ ತೀರ್ಪು ರದ್ದು ಎಂಬುದು ನಮ್ಮದೇ ಐದನೆಯ ನಿಯಮ. ತಿದ್ದಿದವಳು ನಾನು ಎಂದು ಹೇಳಿದೆ.

"ಯಾರಿಗೂ ಗೊತ್ತಿಲ್ಲೆ, ಸುಮ್ಮಂಗಿರು ಮಾರಾಯ್ತಿ. ನಿನ್ನ ಮರ್ಯಾದೆ ಹೋಗ್ತು" ಎಂದ.

ಹೋಗಲಿ ಎಂದೆ. ಹೇಳುವಷ್ಟು ಸುಲಭವಾಗಿರಲಿಲ್ಲ. ಊರಿನ ಅರ್ಧ ಜನರ ಕಿವಿ ಹಿಂಡಿದವಳು ನಾನು. ಬಳಗದ ವಾಟ್ಸಾಪ್ ಗುಂಪಿನಲ್ಲಿ ನನ್ನ ತಪ್ಪನ್ನು ಬರೆದು ಹಾಕಿದ ದಿನ ಫೋನನ್ನು ಅಕ್ಕಿ ಡಬ್ಬದೊಳಗೆ ಇಟ್ಟು ಬಾಗಿಲು ಹಾಕಿಕೊಂಡಿದ್ದೆ. ಟೀಚರಿಗೆ ವಯಸ್ಸಾಯಿತು ಎಂದವರಿದ್ದಾರೆ. ಬೇಕಾದವರನ್ನು ಗೆಲ್ಲಿಸಲು ಇನ್ನೂ ಏನೇನು ಮಾಡಿದ್ದಾಳೋ ಎಂದವರೂ ಇದ್ದಾರೆ. ಮಾಡಿದ್ದುಣ್ಣೋ ಮಹಾರಾಯ. ಮೊದಲ ಬಹುಮಾನ ಎರಡನೆಯವಳಾಗಿದ್ದ ಕುಮಟೆಯ ನರ್ಸ್ ರಂಜಿತಾಳಿಗೆ ಹೋಯಿತು. ಪ್ರಿಂಟ್ ಹಾಕಿಸುವ ಕೆಲಸವನ್ನು ನನ್ನಿಂದ ತೆಗೆದರು. ಜಟ್ಟಿಗೆ 'ನಿಮ್ಮ ಬಹುಮಾನ ರದ್ದಾಗಿದೆ' ಎಂಬ ಪತ್ರ ಹೋಯಿತು.

ಈ ಜನವರಿಯಲ್ಲಿ ಬಂದ. ಅದೇ ಬಿಳಿ ಅಂಗಿ, ಬಾಗಿಲು ತೆಗೆಯುವ ಮೊದಲೇ. ಈ ಸಲದ ಚಿತ್ರದಲ್ಲಿ ಏನೂ ಇಲ್ಲ. ಬೆಳಕೆಯ ಹತ್ತಿರ ಬಳುಕಿ ಮರೆಯಾಗುವ ಖಾಲಿ ಹಳಿ, ಎರಡೂ ಬದಿ ಎತ್ತರದ ಹುಲ್ಲು. ಎಡ ಮೂಲೆಯಲ್ಲಿ ಬೆರಳು. ತೀರ್ಪುಗಾರರು ಅದನ್ನು ನೋಡಿದ್ದೇ ಮುಂದೆ ಹೋದರು.

ಮಾತಿನ ತಾಸು ಶುರುವಾಯಿತು. ನನಗೀಗ ಚಹಾ ಹಂಚುವ ಕೆಲಸ. ಟ್ರೇ ಹಿಡಿದು ದೂರದಿಂದ ನೋಡಿದೆ. ಮೀನು ಮಾರುವ ಹೆಂಗಸೊಬ್ಬಳು ಖಾಲಿ ಬುಟ್ಟಿ ಸೊಂಟಕ್ಕೆ ಒತ್ತಿಕೊಂಡು ಮೂಲೆಯತ್ತ ಬೆರಳು ತೋರಿಸಿದಳು. ಜಟ್ಟಿ ಏನೋ ಹೇಳಿದ. ಅವಳು ನಗಲಿಲ್ಲ. ಚಿತ್ರವನ್ನು ಇನ್ನೊಮ್ಮೆ ನೋಡಿ, ಬುಟ್ಟಿ ಕೆಳಗಿಟ್ಟು, ಮಾತಿಗೆ ನಿಂತಳು. ಅವಳ ನಂತರ ಬಂದ ಗಂಡಹೆಂಡಿರೂ ಹಾಗೆಯೇ ನಿಂತರು.

ಏನು ಹೇಳುತ್ತಾನೆ ಇವನು? ನನಗೆ ಗೊತ್ತಿರಲಿಲ್ಲ. ಎಂಟು ವರ್ಷ ಆ ಬೆರಳನ್ನು ತೆಗಿ ಎಂದಿದ್ದೆ, ಕೊನೆಗೆ ಕೈಯಾರೆ ತೆಗೆದಿದ್ದೆ. ಯಾರು ಯಾರೋ ದಾರಿಹೋಕರು ಕೇಳಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಮನೆಗೆ ಬಂದು ಅಷ್ಟೆಲ್ಲ ಹೇಳಿದ ದಿನವೂ ಕೇಳಲಿಲ್ಲ.

ಟ್ರೇಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಆ ಗಂಡಹೆಂಡಿರ ಹಿಂದೆ ನಿಂತೆ. ನನ್ನ ಸರದಿ ಬಂತು.

"ಜಟ್ಟಿ, ಈ ಮೂಲೇಲಿ ಇರೂದು ಎಂತದು?"

ನಾನು ತಮಾಷೆ ಮಾಡುತ್ತಿದ್ದೇನೋ ಎಂದು ಒಂದು ಕ್ಷಣ ನೋಡಿದ. ಅಲ್ಲ ಎಂದು ಗೊತ್ತಾದ ಮೇಲೆ, ಊರು ಪರವೂರಿನವರಿಗೆಲ್ಲ ಹೇಳುವ ಹಾಗೆಯೇ ನೆಟ್ಟಗೆ ನಿಂತು ಹೇಳಿದ.

"ಅದು ನಾನು ಟೀಚರೇ. ನನ್ನ ಫೋಟೋ ತೆಗೂಕೆ ಯಾರೂ ಇಲ್ಲ ಅಲ್ದ? ಅದ್ಕೆ ಇಷ್ಟು ಇರ್ಲಿ ಹೇಳಿ."

ಹಿಂದೆ ಇನ್ನೂ ಇಬ್ಬರು ನಿಂತಿದ್ದರು, ನಾನು ಜಾಗ ಬಿಡಲಿಲ್ಲ.

"ಯಾವಾಗ ತೆಗೆದದ್ದು ಇದು?" ಎಂದು ಕೇಳಿದೆ.

"ದೀಪಾವಳಿ ದಿನ" ಎಂದ ಜಟ್ಟಿ. "ಬೆಳಿಗ್ಗೆ ಡ್ಯೂಟಿ ಇತ್ತು."